ಚಳಿಗಾಲದಲ್ಲಿ ಖಾರ ಕುಟ್ಟುವ ಮನೆ

ಒಂದೊಂದು ಮನೆಗೆ ಒಂದೊಂದು ಹೆಮ್ಮೆ. ಇಂಡಿ ಊರಿನ ನಮ್ಮ ಓಣಿಯನ್ನೇ ನೋಡಿ. ಎದುರುಮನೆಯವರಿಗೆ ತಮ್ಮ ಬಾವಿಯ ಸಿಹಿನೀರಿನ ಹೆಮ್ಮೆ. ಮೂಲೆಮನೆಯವರಿಗೆ ತಮ್ಮ ಮುತ್ತಜ್ಜ ಯಾವುದೋ ಬಿಳಿ ಸಾಹೇಬನ ಎದುರಿಗೂ ರುಮಾಲು ತೆಗೆಯಲಿಲ್ಲ ಎಂಬ ಹೆಮ್ಮೆ. ನಾನು ಸೊಸೆಯಾಗಿ ಬಂದ ಮನೆಯ ಹೆಮ್ಮೆ ಇವೆರಡಕ್ಕಿಂತ ದೊಡ್ಡದು. ಮದುವೆಯಾಗಿ ಹೊಸ್ತಿಲು ದಾಟಿದ ದಿನವೇ ಅತ್ತೆಯವರು ಅದನ್ನು ನನಗೆ ತಿಳಿಸಿಬಿಟ್ಟರು: "ನೋಡವಾ, ಈ ಮನ್ಯಾಗ ಯಾರೂ ಸೀನೂದಿಲ್ಲ. ನೆಗಡಿ ನಮ್ಮ ಬಾಗಲಾ ತುಳದಿಲ್ಲ."

ಇದನ್ನು ಕೇಳಿ ನನಗೆ ಗಾಬರಿಯಾಯಿತು. ನಾನು ಧಾರವಾಡದವಳು. ನಮ್ಮ ತಂದೆ ದವಾಖಾನೆಯಲ್ಲಿ ಕಂಪೌಂಡರ್. ಧಾರವಾಡದ ಮಳೆಗಾಲ ಎಂದರೆ ನಮಗೆ ಕಿವಿಗೆ ಹತ್ತಿ, ಕೊರಳಿಗೆ ಮಫ್ಲರು, ಕುದಿಸಿ ಆರಿಸಿದ ನೀರು. ಅಷ್ಟೆಲ್ಲ ಮಾಡಿದರೂ ನೆಗಡಿ ನಮ್ಮ ಮನೆಗೆ ಬೀಗರ ಹಾಗೆ ಬಂದು, ಉಂಡು, ನಾಲ್ಕು ದಿನ ಇದ್ದೇ ಹೋಗುತ್ತಿತ್ತು. ತವರಿನಿಂದ ನಾನು ತಂದ ಟ್ರಂಕಿನಲ್ಲಿ ಸೀರೆಗಳಿಗಿಂತ ಕಷಾಯದ ಪುಡಿಗಳೇ ಹೆಚ್ಚು. ಅದನ್ನು ತೆಗೆದು ನೋಡಿದ ಅತ್ತೆಯವರು, "ನಮ್ಮ ಹುಡುಗ ಹೆಣತೀನ ಕಟ್ಕೊಂಡಾನೋ, ದವಾಖಾನಿ ಕಟ್ಕೊಂಡಾನೋ?" ಎಂದರು. ಮರುದಿನ ನಾನು ನೀರು ಕುದಿಯಲಿಟ್ಟಾಗ ಒಲೆಯ ಬಳಿ ಬಂದು ನಿಂತು, "ನೀರು ಏನ್ ತಪ್ಪ ಮಾಡೇತಿ ಅಂತ ಅದನ್ನ ಕುದಸ್ತೀ?" ಎಂದು ಕೇಳಿದರು. ಅದಕ್ಕೆ ಉತ್ತರ ನಮ್ಮ ತಂದೆಗೂ ಗೊತ್ತಿರಲಿಕ್ಕಿಲ್ಲ.

ಆದರೆ ಹೇಳಬೇಕಾದ್ದನ್ನು ಹೇಳಬೇಕು. ಆ ಮನೆಯ ಮಂದಿ ನಿಜಕ್ಕೂ ಗಟ್ಟಿ. ಕೋಳಿ ಕೂಗುವ ಮೊದಲೇ ಏಳುವುದು, ಬರಿಗಾಲಿನಲ್ಲಿ ಹೊಲದವರೆಗೆ ನಡೆದು ಬರುವುದು, ಬಿಸಿ ಜೋಳದ ರೊಟ್ಟಿ, ಮುಷ್ಟಿಯಿಂದ ಗುದ್ದಿ ಒಡೆದ ಉಳ್ಳಾಗಡ್ಡಿ, ಹಸಿ ಹಕ್ಕರಕಿ ಸೊಪ್ಪು, ಗಟ್ಟಿ ಮೊಸರು. ಬೇಸಗೆಯಲ್ಲಿ ಮಾಳಿಗೆಯ ಮೇಲೆ ಮಲಗಿದರೆ ಹೊದಿಕೆಯ ಬದಲು ಧೂಳು. ನನಗೆ ಮೊದಲ ವರ್ಷ ಅಲ್ಲಿನ ಗಾಳಿಗೆ ಕೆಮ್ಮು, ನೀರಿಗೆ ಹೊಟ್ಟೆನೋವು, ಬಿಸಿಲಿಗೆ ತಲೆಶೂಲೆ. ಎರಡನೆಯ ವರ್ಷ ಟ್ರಂಕಿನ ಕಷಾಯದ ಪುಡಿಗೆ ಹುಳ ಬಿತ್ತು. ನಾನು ಅದನ್ನು ಗಮನಿಸಿದ್ದು ಮೂರನೆಯ ವರ್ಷ. ತವರಿಗೆ ಹೋದಾಗ ತಂದೆಯವರು ನನ್ನ ನಾಡಿ ಹಿಡಿದು ನೋಡಿ, "ಏನ್ ಕುಡಸ್ತಾರವಾ ನಿನಗ ಅಲ್ಲಿ?" ಎಂದು ಕೇಳಿದರು. "ಬಾವಿ ನೀರ್ರಿ, ಅಪ್ಪಾ" ಎಂದೆ. ನಾನು ಇಂಡಿಯವಳಾದದ್ದು ಆಗ.

ಹಾಗಾದರೆ ನೆಗಡಿ ಅವರಿಗೆ ನಿಜಕ್ಕೂ ಬರುತ್ತಿರಲಿಲ್ಲವೇ? ಬರುತ್ತಿತ್ತು. ಬಂದದ್ದು ಯಾರಿಗೂ ಗೊತ್ತಾಗುತ್ತಿರಲಿಲ್ಲ, ಅಷ್ಟೆ. ನಾನು ಬಂದ ಮೊದಲ ಚಳಿಗಾಲದಲ್ಲಿ ಒಂದು ದಿನ ಮೂಗಿನ ತುದಿಗೆ ಬಂದ ಸೀನನ್ನು ಸೆರಗಿನಲ್ಲಿ ಅದುಮಿ ಹಿಡಿದು ನಿಂತಿದ್ದೆ. ಅಷ್ಟರಲ್ಲಿ ಅತ್ತೆಯವರು ಇದ್ದಕ್ಕಿದ್ದಂತೆ, "ಇವತ್ತ ಖಾರ ಕುಟ್ಟೂಣು" ಎಂದರು. ನಮ್ಮ ಕಡೆ ವರ್ಷದ ಖಾರ ಕುಟ್ಟುವುದು ಬೇಸಗೆಯಲ್ಲಿ. ಖಾರದ ಭರಣಿ ಇನ್ನೂ ಅರ್ಧ ತುಂಬಿಯೇ ಇತ್ತು. ಆದರೂ ಒಣಮೆಣಸಿನಕಾಯಿ ಬಂದವು, ಒನಕೆ ಬಂತು, ಹಿತ್ತಲಿನ ಕುಟ್ಟುವ ಒಳ್ಳಿನ ಸುತ್ತ ಇಡೀ ಮನೆ ಸೇರಿತು. ಅಡುಗೆಮನೆಯ ಕಡೆ ತಲೆ ಹಾಕದ ಮಾವನವರು ವರ್ತಮಾನಪತ್ರಿಕೆ ಹಿಡಿದುಕೊಂಡು ಬಂದು ಒಳ್ಳಿನ ಪಕ್ಕದಲ್ಲೇ ಕುಳಿತರು. ಮಾಮಲೇದಾರ ಕಚೇರಿಯಲ್ಲಿ ಕಾರಕೂನರಾಗಿದ್ದ ನಮ್ಮ ಯಜಮಾನರು ಮಧ್ಯಾಹ್ನವೇ ಮನೆಗೆ ಬಂದರು. ನಾಲ್ಕು ಪೆಟ್ಟು ಬಿದ್ದವೋ ಇಲ್ಲವೋ, ಎಲ್ಲರೂ ಮನಸಾರೆ ಸೀನತೊಡಗಿದರು. ಮಾವನವರ ಸೀನಿಗೆ ಪತ್ರಿಕೆ ಹರಿಯಿತು. "ಘಾಟು ಭಾಳ ಐತಿ" ಎಂದರು. "ಹೌದ್ರಿ, ಈ ಸಲದ ಕಾಯಿ ಭಾಳ ಜೋರು" ಎಂದರು ಅತ್ತೆ, ಮೂಗೊರೆಸಿಕೊಳ್ಳುತ್ತ.

ನಾನೂ ಸೀನಿದೆ. ಆ ಸುಖವನ್ನು ಹೇಗೆ ಹೇಳಲಿ! ಕಂಪೌಂಡರನ ಮಗಳಾದ ನನಗೆ ಒಂದು ಮಾತು ಮಾತ್ರ ಹೊಳೆಯಿತು. ಹೀಗೆ ಮುಖಕ್ಕೆ ಮುಖ ಕೊಟ್ಟು ಕುಳಿತು ಸೀನಿದರೆ ಒಬ್ಬರ ನೆಗಡಿ ಮನೆಮಂದಿಗೆಲ್ಲ ಸರಿಸಮನಾಗಿ ಹಂಚಿಕೆಯಾಗುತ್ತದೆ. ಆಗುತ್ತಲೂ ಇತ್ತು. ಆದರೆ ಆ ರೊಟ್ಟಿ ಉಂಡ ಮೈಗಳಲ್ಲಿ ಅದು ಎರಡು ದಿನವೂ ನಿಲ್ಲುತ್ತಿರಲಿಲ್ಲ. ಹೊಸ ಖಾರವನ್ನು ಝಳಕಿಯ ನೆಂಟರಿಗೆ ಕಳಿಸುತ್ತಿದ್ದೆವು. "ನಿಮ್ಮ ಮನಿಯವರ ಕೈ ದೊಡ್ಡದ್ರಿ" ಎಂದು ಅವರು ಹೊಗಳುತ್ತಿದ್ದರು.

ಹೀಗೆ ನಡೆದಿರುವಾಗ ನಾದಿನಿ ಶಾರದೆಗೆ ಬಾಗೇವಾಡಿಯ ಸಂಬಂಧ ಕೂಡಿ ಬಂತು. ನಮ್ಮ ತಾಲೂಕು ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಹುಡುಗ ಸಾಲಿ ಮಾಸ್ತರ. ಶಾರದೆ ಅವನನ್ನು ಯಾರದೋ ಮದುವೆಯಲ್ಲಿ ನೋಡಿ ಮೆಚ್ಚಿದ್ದಳು, ಅದು ನನಗೊಬ್ಬಳಿಗೇ ಗೊತ್ತು. ಆ ಮನೆಯ ಹಿರಿಸೊಸೆ ಸದಾ ಹಾಸಿಗೆ ಹಿಡಿದವಳಂತೆ. ಅದಕ್ಕೇ ಈ ಸಲ ನೆಗಡಿಯೂ ಸುಳಿಯದ ಮನೆತನ ಬೇಕೆಂದು, ನಮ್ಮ ಕೀರ್ತಿ ಕೇಳಿ ಬರುತ್ತಿದ್ದಾರೆಂದು ನಮ್ಮ ಎಣಿಕೆ. ಬರುವ ದಿನ ಬೆಳಗ್ಗೆ ಎದ್ದು ನೋಡಿದರೆ ಮನೆಮಂದಿಯ ಮೂಗೆಲ್ಲ ಕೆಂಪು. ಶಾರದೆಯದಂತೂ ಟೊಮೆಟೊ. "ವೈನಿ, ಅವರ ಮುಂದ ನಾ ಸೀನಿದ್ರ ಎದ್ದ ಹೊಕ್ಕಾರ. ಈ ಮನಿ ತಪ್ಪಿದ್ರ ನಾ ಮತ್ಯಾರನ್ನೂ ಒಪ್ಪೂದಿಲ್ಲ" ಎಂದು ನನ್ನ ಹೆಗಲ ಮೇಲೆ ಅತ್ತಳು. ಅತ್ತೆಯವರು ಅಡುಗೆಮನೆಯಿಂದಲೇ ಕೂಗಿದರು: "ಒನಕಿ ತಗೀರಿ!"

ಒನಕೆಯೇನೋ ಬಂತು, ಮೆಣಸಿನಕಾಯಿ ಇರಲಿಲ್ಲ. ಆ ಚಳಿಗಾಲದಲ್ಲಿ ಅಷ್ಟು ಸಲ ಕುಟ್ಟಿದ್ದೆವು. ಅತ್ತೆಯವರು ಒಂದು ಕ್ಷಣವೂ ಯೋಚಿಸದೆ ಭರಣಿಯಲ್ಲಿದ್ದ ಖಾರದ ಪುಡಿಯನ್ನೇ ಒಳ್ಳಿಗೆ ಸುರಿದು, "ಕುಟ್ಟು" ಎಂದರು. ನಾನು ಕುಟ್ಟಿದೆ. ಘಾಟು ಪಡಸಾಲೆಗೆ ಹೋಯಿತು. ಅಲ್ಲಿ ಮಾವನವರು, ಯಜಮಾನರು, ಆಗತಾನೆ ಬಂದು ಕುಳಿತ ಬೀಗರು, ಮಾಸ್ತರ ಹುಡುಗ, ಎಲ್ಲರೂ ಸೀನಿದರು. ಎಲ್ಲವೂ ಸುಸೂತ್ರವಾಗಿ ನಡೆದಿತ್ತು. ಅಷ್ಟರಲ್ಲಿ ಹುಡುಗನ ತಾಯಿ ಎದ್ದು ಹಿತ್ತಲಿಗೇ ಬಂದರು. ಎತ್ತರದ ಹೆಂಗಸು, ಹಣೆಯ ತುಂಬ ಕುಂಕುಮ. ಒಳ್ಳಿನಲ್ಲಿ ಕೈ ಹಾಕಿ ಒಂದು ಚಿಟಿಕೆ ತೆಗೆದು ಬೆರಳಲ್ಲಿ ಹೊಸಕಿದರು.

"ಇದು ಕುಟ್ಟಿದ್ದ ಖಾರ ಐತಲ್ರಿ. ಕುಟ್ಟಿದ್ದನ್ನ ಮತ್ಯಾಕ ಕುಟ್ಟಾಕತ್ತೀರಿ?"

ನನ್ನ ಕೈಯಲ್ಲಿ ಒನಕೆ ನಿಂತಿತು. ಅತ್ತೆಯವರ ಬಾಯಿ ಕಟ್ಟಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಘಾಟು ಇಳಿದ ಮೇಲೆ, ಬಾಗಿಲ ಹಿಂದೆ ನಿಂತಿದ್ದ ಶಾರದೆ ತಡೆಯಲಾರದೆ ಸೀನಿದಳು. ಅದು ಸೀನಲ್ಲ, ಗುಡುಗು. ಹಲಗೆಯ ಮೇಲಿನ ತಾಮ್ರದ ಕೊಡ ಝೇಂಕರಿಸಿತು. ಕೊಟ್ಟಿಗೆಯ ಎಮ್ಮೆ ಎದ್ದು ನಿಂತಿತು. ಶಾರದೆಯ ಮದುವೆ ಮುಗಿಯಿತು ಎಂದುಕೊಂಡು ನಾನು ಕಣ್ಣು ಮುಚ್ಚಿದೆ.

"ಯಾರದು? ಹುಡುಗೀನ?" ಎಂದರು ಹುಡುಗನ ತಾಯಿ. ಶಾರದೆ ತಲೆ ತಗ್ಗಿಸಿ ಹೊರಗೆ ಬಂದಳು. ಆಕೆ ಅವಳ ಗದ್ದ ಹಿಡಿದೆತ್ತಿದರು. "ಸೀನು ಅಂದ್ರ ಬಾಗಲಾಗಿನ ನಾಯಿ ಬೊಗಳಿದಂಗವಾ. ಕಳ್ಳ ಬಂದ್ರ ಬೊಗಳಬೇಕು. ನಮ್ಮ ಹಿರೇ ಸೊಸೀನ ಕಿಟಕಿ ಮುಚ್ಚಿ, ಬಿಸಲಿಗೆ ಬಿಡದಂಗ, ಗಾಳಿಗೆ ಬಿಡದಂಗ ಬೆಳಸ್ಯಾರ. ಅಕೀ ಮೈಗೆ ಬೊಗಳೂದ ಗೊತ್ತಿಲ್ಲ, ಒಳಗಿಂದೊಳಗ ಸೊರಗತಾಳ. ಸೀನದ ಮನಿ ಐತಿ ಅಂತ ಕೇಳಿ ನನಗ ಅಂಜಿಕಿನ ಆಗಿತ್ತು. ಈಗ ಧೈರ್ಯ ಬಂತು. ಇನ್ನೊಂದ್ಸಲ ಸೀನವಾ, ನೋಡೂಣು." ಶಾರದೆ ಮತ್ತೊಮ್ಮೆ ಸೀನಿದಳು. ಎಮ್ಮೆ ಈ ಸಲ ಕೂಗಿತು. "ಸಕ್ಕರಿ ತರ್ರಿ, ಸಂಬಂಧ ಗಟ್ಟಿ ಆತು" ಎಂದರು ಆಕೆ.

ನಮ್ಮ ಅತ್ತೆಯವರಿಗೆ ಬಾಯಿ ಬಂದದ್ದು ಆಗಲೇ. ಸೆರಗು ಸರಿಮಾಡಿಕೊಂಡು, ಹುಟ್ಟಿದಾಗಿನಿಂದ ಅದನ್ನೇ ಹೇಳುತ್ತ ಬಂದವರ ಹಾಗೆ, "ನಮ್ಮ ಮನಿ ಸೀನಂದ್ರ ಹಂಗರಿ! ಓಣಿ ತುದಿಗೆ ಕೇಳಸ್ತೈತಿ" ಎಂದರು. ಅಂದಿನಿಂದ ನಮ್ಮ ಮನೆಯ ಹೆಮ್ಮೆ ಬದಲಾಯಿತು. ಈಗ ಮಾವನವರು ಕಟ್ಟೆಯ ಮೇಲೆ ಕುಳಿತು ಬಯಲಲ್ಲೇ ಸೀನುತ್ತಾರೆ. ಸೀನಿ, ಯಾರು ಯಾರು ಕೇಳಿದರು ಎಂದು ಸುತ್ತ ನೋಡುತ್ತಾರೆ. ನಮ್ಮ ಯಜಮಾನರು ಸೀನಿದರೆ ಕಚೇರಿಯಲ್ಲಿ ಬಾಗಿಲು ಕಾಯುವ ಪಟ್ಟೇವಾಲಾ ಎದ್ದು ನಿಲ್ಲುತ್ತಾನಂತೆ. ಶಾರದೆಯ ಸೀನಂತೂ ಬಾಗೇವಾಡಿಯಲ್ಲಿ ಹೆಸರುವಾಸಿ.

ಕಷ್ಟವೆಲ್ಲ ನನ್ನದು. ಇಷ್ಟು ವರ್ಷ ಈ ಮನೆಯ ರೊಟ್ಟಿ ಉಂಡು, ಬಾವಿಯ ನೀರು ಕುಡಿದು, ಕಲ್ಲಿನಂಥ ಮೈ ಮಾಡಿಕೊಂಡರೂ ನನ್ನ ಸೀನು ಮಾತ್ರ ಧಾರವಾಡದ್ದಾಗಿಯೇ ಉಳಿಯಿತು. ಬೆಕ್ಕಿನ ಮರಿ ಸೀನಿದ ಹಾಗೆ, ಒಂದು 'ಚಿಕ್'. ಬಂದವರ ಎದುರು ನಾನು ಸೀನಿದರೆ ಅತ್ತೆಯವರು ಮರುಕದಿಂದ, "ಪಾಪ, ಸಣ್ಣಾಕಿ ಇದ್ದಾಗ ಕುದಿಸಿದ ನೀರು ಕುಡದಾಳ್ರಿ" ಎನ್ನುತ್ತಾರೆ. ಅದಕ್ಕೇ ಯಾರೂ ಇಲ್ಲದ ಹೊತ್ತು ನೋಡಿ ನಾನು ಹಿತ್ತಲಲ್ಲಿ ಒಬ್ಬಳೇ ಖಾರ ಕುಟ್ಟುತ್ತೇನೆ. ಮೊದಲು ಸೀನು ಮುಚ್ಚಿಡಲು ಕುಟ್ಟುತ್ತಿದ್ದೆ, ಈಗ ಸೀನು ಕಲಿಯಲು. ಮೊನ್ನೆ ಎಲ್ಲಿಂದ ಬಂತೋ, ಕೊಡ ಝೇಂಕರಿಸುವಂಥದೊಂದು ಬಂದೇಬಿಟ್ಟಿತು. ಒಳಗಿನಿಂದ ಅತ್ತೆಯವರು ಸಡಗರದಿಂದ ಕೂಗಿದರು: "ಯಾರವಾ ಅದು? ಶಾರದಾ ಬಂದಳೇನು?"

ತುಂಬಿ ಬಂದ ಕಣ್ಣನ್ನು ಸೆರಗಿನಿಂದ ಒರೆಸಿಕೊಂಡು ನಾನು ಮತ್ತೆ ಒನಕೆ ಎತ್ತಿದೆ. ಯಾರಾದರೂ ಕೇಳಿದರೆ ಖಾರದ ಘಾಟು ಎಂದು ಹೇಳುವವಳಿದ್ದೆ.