ಪಕ್ಕದ ಮನೆಯ ಕುಕ್ಕರ್

ಕುಕ್ಕರ್ ಕೂಗಿದ್ದು ಎರಡು ಸಲ. ನಮ್ಮ ಪೆಟ್ಟಿಗೆಯ ಮೇಲೆ ಮೂಡಿದ್ದು ಐದು.

ಕೊನೆಯ ವರ್ಷದ ಇಂಜಿನಿಯರಿಂಗ್ ಪ್ರಾಜೆಕ್ಟಿಗೆಂದು ನಾವು ಮೂವರು ಹುಡುಗಿಯರು ಮಾಡಿದ್ದ ಪೆಟ್ಟಿಗೆ ಅದು. ಕುಕ್ಕರಿನ ಕೂಗನ್ನು ತಾನೇ ಎಣಿಸಬೇಕು. ಹೇಳಿದಷ್ಟು ಆದ ಕೂಡಲೇ ಕೆಂಪು ದೀಪ ಉರಿಯಬೇಕು. ಬೋಗಾದಿಯ ನಮ್ಮ ಬಾಡಿಗೆ ಮನೆಗೂ ಪಕ್ಕದ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಪೆಟ್ಟಿಗೆ ಪಕ್ಕದವರ ಬೇಳೆಯನ್ನೂ ನಮ್ಮ ಲೆಕ್ಕಕ್ಕೆ ಸೇರಿಸಿತ್ತು. ಪರೀಕ್ಷಕರು ಬರುವುದಕ್ಕೆ ಎರಡೇ ದಿನ.

ನಮ್ಮ ಟೀಮ್ ಲೀಡರಿಗೆ ಬುದ್ಧಿಯಿಲ್ಲ ಎಂದು ನಾನು ಹೇಳುವುದಿಲ್ಲ. ಇದೆ, ಅದಕ್ಕೆ ಬ್ರೇಕ್ ಇಲ್ಲ ಅಷ್ಟೆ. ಊರಿನಲ್ಲಿರುವ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದರೆ ಒಂದು ಮಾತೂ ಆಡದೆ, ಟ್ರಾಫಿಕ್ ಪೊಲೀಸರಂತೆ ಎರಡೂ ಕೈ ಬೀಸುವವಳು. ಈಗ ಪೆಟ್ಟಿಗೆಯನ್ನು ಸರಿಪಡಿಸುವುದು ಬಿಟ್ಟು ಪಕ್ಕದ ಮನೆಯನ್ನು ಸರಿಪಡಿಸಲು ಹೊರಟಳು!

"ಆಂಟಿ, ಎರಡು ದಿನ ಕುಕ್ಕರ್ ಇಡ್ಬೇಡಿ."

"ಯಾಕಮ್ಮ, ನಮಗೆ ಉಪವಾಸನಾ?"

"ಪ್ರಾಜೆಕ್ಟ್ ಕಣಾಂಟಿ. ಪಾತ್ರೇಲೇ ಬೇಯಿಸ್ಬುಡಿ."

"ನೀನು ಓದೋದಕ್ಕೆ ನಮ್ಮನೆಯವರು ಬೇಯದ ಬೇಳೆ ತಿನ್ಬೇಕಾ?"

ನಾಚಿಕೆಯಿಂದ ನಾನು ಅಡುಗೆಮನೆಯ ಬಾಗಿಲು ಹಾಕಿಕೊಂಡೆ. ಸಂಜೆ ಪಕ್ಕದಿಂದ ಸದ್ದೇ ಇಲ್ಲ. ಬದಲಿಗೆ ಒಂದು ಬಟ್ಟಲು ಸಾರು ಬಂತು. ಬೇಳೆ ಚೆನ್ನಾಗಿಯೇ ಬೆಂದಿತ್ತು.

ನಿಜವಾದ ಆಘಾತ ಕಾಲೇಜಿನಲ್ಲಿ ಕಾದಿತ್ತು. ಲ್ಯಾಬಿಗೆ ಅಕ್ಕಪಕ್ಕದ ಅಡುಗೆಮನೆ ಎಲ್ಲಿಂದ ಬರಬೇಕು? ಕುಕ್ಕರ್ ಮೂರು ಸಲ ಕೂಗಿತು, ಪೆಟ್ಟಿಗೆ ಮೂರೇ ಎಣಿಸಿತು, ದೀಪ ಉರಿಯಿತು. ಪರೀಕ್ಷಕರು ತಲೆದೂಗಿ ಪೆನ್ ತೆಗೆದರು.

"ಸರ್, ಇದು ಮನೇಲಿ ಕೆಲಸ ಮಾಡಲ್ಲ," ಎಂದಳು ನಮ್ಮ ಲೀಡರ್. "ಪಕ್ಕದ ಮನೇದೂ ಎಣಿಸುತ್ತೆ."

ಕಾಲು ತುಳಿಯೋಣವೆಂದರೆ ಅವಳು ಮೇಜಿನ ಆಚೆ ನಿಂತಿದ್ದಾಳೆ.

ಪರೀಕ್ಷಕರಿಗೂ ಆಶ್ಚರ್ಯ. "ನಾನು ಕೇಳ್ಲೇ ಇಲ್ವಲ್ಲಮ್ಮ?"

"ನಮ್ಮಮ್ಮಂಗೆ ಕಿವಿ ಕೇಳ್ಸಲ್ಲ ಸರ್. ದೀಪ ನೋಡ್ಕೊಂಡೇ ಒಲೆ ಆರಿಸ್ಬೇಕು. ನೀವು ಸರಿಯಾಗಿದೆ ಅಂದ್ಬುಟ್ರೆ ಇವರಿಬ್ಬರೂ ನಾಳೆಯಿಂದ ಇದನ್ನ ಮುಟ್ಟಲ್ಲ."

ಮುಟ್ಟುತ್ತಿರಲಿಲ್ಲ, ನಿಜ. ಮೂರು ವರ್ಷ ಒಂದೇ ಮನೆಯಲ್ಲಿದ್ದು, ಆ ಕೈಬೀಸುವಿಕೆಯನ್ನು ದಿನವೂ ನೋಡಿ ನಕ್ಕಿದ್ದೆ. ಅದು ಮಾತು ಎಂದು ಒಮ್ಮೆಯೂ ಹೊಳೆದಿರಲಿಲ್ಲ.

ಪರೀಕ್ಷಕರು ಪೆನ್ನನ್ನು ಜೇಬಿಗಿಟ್ಟರು. "ಸರಿ ಮಾಡ್ಕೊಂಡು ಮುಂದಿನ ವಾರ ಬನ್ನಿ," ಎಂದರು.

ಮರುದಿನ ಬೆಳಿಗ್ಗೆ, ಅವಳು ಏಳುವ ಮೊದಲೇ, ನಾನು ಪಕ್ಕದ ಮನೆಯ ಬಾಗಿಲು ತಟ್ಟಿದೆ.

"ಆಂಟಿ, ಇವತ್ತು ದಯವಿಟ್ಟು ಕುಕ್ಕರ್ ಇಡಿ."