ನಮ್ಮ ಮಾವನ ಸೂಪರ್ ಮಾರ್ಕೆಟ್

ನಮ್ಮ ಸೋದರಮಾವನಿಗೆ ಅಂಗಡಿ ನಡೆಸಲು ಬರುವುದಿಲ್ಲ ಎಂದು ಯಾರು ಹೇಳಿದರೂ ನಾನು ಒಪ್ಪುವುದಿಲ್ಲ. ನಡೆಸುವುದೇನು, ಅವರು ಅಂಗಡಿಯನ್ನು ಓಡಿಸುತ್ತಾರೆ. ನಿನ್ನೆ ಸಕ್ಕರೆ ಇದ್ದಲ್ಲಿ ಇವತ್ತು ಪೊರಕೆ, ಪೊರಕೆ ಇದ್ದಲ್ಲಿ ಹಪ್ಪಳ. ಅದರ ಹಿಂದೆ ಓಡುವ ಕೆಲಸ ಮಾತ್ರ ನನ್ನದು.

ತಮಿಳುನಾಡಿನ ಗಡಿಯ ಹೊಸೂರಿನಲ್ಲಿ ಅವಲಪಲ್ಲಿ ಕಡೆಗೆ ಹೋಗುವ ರಸ್ತೆಯಲ್ಲಿದೆ ಈ ದಿನಸಿ ಅಂಗಡಿ. ಬಿ.ಕಾಂ. ಮುಗಿಸಿ ಮನೆಯಲ್ಲಿದ್ದ ನನ್ನನ್ನು ಅಮ್ಮ ತನ್ನ ತಮ್ಮನಿಗೆ ನೆರವಾಗಲೆಂದು ಇಲ್ಲಿಗೆ ಕಳಿಸಿದಳು. ಅಂದಿನಿಂದ ಬೆಳಗ್ಗೆ ಶಟರ್ ಎತ್ತುವ ಸದ್ದು ಕೇಳಿದರೆ ಸಾಕು, ಒಳಗೆ ಓಡಿ ಒಂದೊಂದೇ ಕಪಾಟು ನೋಡತೊಡಗುತ್ತೇನೆ. ಇವತ್ತು ಯಾವುದು ಎಲ್ಲಿಗೆ ಹೋಗಿದೆಯೋ?

"ಯಾಕೆ ಮಾವ ಹಿಂಗೆ?" ಎಂದರೆ, "ಹುಡುಕ್ಲಿ ಬುಡವ್ವಾ. ಹುಡುಕ್ತಾ ಹುಡುಕ್ತಾ ಇನ್ನೊಂದೆರಡು ಸಾಮಾನು ಕಣ್ಣಿಗೆ ಬೀಳ್ತವೆ" ಎನ್ನುತ್ತಾರೆ. ಒಮ್ಮೆ ಉದ್ದನಪಲ್ಲಿಯ ಅಜ್ಜರೊಬ್ಬರು ತೊಗರಿಬೇಳೆ ಕೇಳಿದರು. ನಾನು ಬೆವರುತ್ತಾ ಹುಡುಕುತ್ತಿದ್ದಾಗ ಅವರು ಮೆಲ್ಲಗೆ ಹೊರಗೆ ಹೋದರು. ಸ್ವಲ್ಪ ಹೊತ್ತಿಗೆ ಹಿಂತಿರುಗಿ ಬಂದು, "ಸಾಕು ನಿಲ್ಸು ತಾಯಿ, ಎದುರ್ಗಡೆ ಅಂಗ್ಡೀಲಿ ತಕಂಡ್ ಬಂದೆ" ಎಂದರು. ಹಾಗೆ ಹೇಳಿಹೋಗಲು ಬಂದ ಆ ಪುಣ್ಯಾತ್ಮರಿಗೆ ಏನೆನ್ನಲಿ?

ಮಾವನ ಕೈಗೆ ಮೈಕು ಸಿಕ್ಕಿದ ಮೇಲಂತೂ ನನ್ನ ನಿದ್ದೆಯೂ ಹೋಯಿತು. ಬಕೆಟ್ ಕೊಂಡರೆ ಮಗ್ ಉಚಿತ ಎಂದು ಕನ್ನಡ, ತಮಿಳು, ತೆಲುಗು ಮೂರರಲ್ಲೂ ಕೂಗಿದರು. ಜನ ನುಗ್ಗಿದರು.

"ಮಾವ, ನಮ್ಮಲ್ಲಿ ಬಕೆಟ್ಟೇ ಇಲ್ವಲ್ಲ."

"ಎಷ್ಟು ಜನ ಬತ್ತಾರೆ ನೋಡಾಣ ಅಂತ. ಆಮೇಲೆ ತರಿಸಿದ್ರಾಯ್ತು."

ಹೀಗೆಂದು ಅವರು ಟೀ ಕುಡಿಯಲು ಹೋದರು. ಬೈಗುಳ ತಿನ್ನಲು ನಾನಿದ್ದೆನಲ್ಲ! ಬೈಗುಳವೂ ಮೂರು ಭಾಷೆಗಳಲ್ಲೇ ಬಂತು. ಅವತ್ತೇ ಕೆಲಸ ಬಿಡಬೇಕೆಂದುಕೊಂಡೆ. ಅಮ್ಮನಿಗೆ ಹೇಗೆ ಹೇಳುವುದೆಂದು ತಿಳಿಯದೆ ದಿನ ತಳ್ಳುತ್ತಿದ್ದೆ.

ಅಂಥದರಲ್ಲಿ ಒಂದು ಭಾನುವಾರ, ಮಾವ ಅಕ್ಕಿಮೂಟೆಗಳನ್ನು ಎದೆಮಟ್ಟಕ್ಕೆ ಪೇರಿಸಿ ಅಂಗಡಿಯ ಹಿಂಭಾಗದಲ್ಲಿ ಹೊಸ ಓಣಿಗಳನ್ನೇ ಮಾಡಿದ್ದರು. ಸಂಜೆ ಹಾಸನದ ಕಡೆಯ ಹೆಂಗಸೊಬ್ಬಳು ಪುಟ್ಟ ಮಗಳೊಂದಿಗೆ ಬಂದಳು. ಗಂಡ ಇಲ್ಲಿನ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾನಂತೆ. ಅವಳು ಎಣ್ಣೆ ಹುಡುಕಿ ತಿರುಗುವಷ್ಟರಲ್ಲಿ ಮಗು ಇರಲಿಲ್ಲ.

"ಪಾಪು ಎಲ್ಲಿ? ಇಲ್ಲೇ ಇದ್ಲಲ್ಲ."

ನಾನು ಓಡಿದೆ. ಯಾವ ಓಣಿ ಎಲ್ಲಿ ಮುಗಿಯುತ್ತದೆಂದು ನನಗೇ ಗೊತ್ತಿರಲಿಲ್ಲ. ಮಗುವನ್ನು ಕರೆದರೆ ಉತ್ತರವಿಲ್ಲ. ಹೊರಗೆ ಲಾರಿಗಳು ಹೋಗುತ್ತಿದ್ದ ರಸ್ತೆಯನ್ನು ನೋಡಲು ಧೈರ್ಯವಾಗಲಿಲ್ಲ. ಮಾವ ರಸ್ತೆಗೆ ಹೋಗಿ ಎರಡೂ ಕಡೆ ನೋಡಿ ಬಂದರು. ಮುಖ ಬಿಳಿಚಿಕೊಂಡಿತ್ತು. ಶಟರ್ ಅರ್ಧ ಎಳೆದು, "ಯಾರೂ ಅಲ್ಲಾಡ್ಬ್ಯಾಡ್ರಿ" ಎಂದವರೇ ಮೂಟೆಗಳನ್ನು ಎಳೆಯತೊಡಗಿದರು. ಒಂದು ಮೂಟೆ ಒಡೆದು ಅಕ್ಕಿ ನೆಲಕ್ಕೆ ಸುರಿಯಿತು. ಅವರು ತಿರುಗಿಯೂ ನೋಡಲಿಲ್ಲ.

ಕೊನೆಗೆ ಮೂಟೆಗಳಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಮಗು ಸಿಕ್ಕಿತು. ಬಾಯಿತುಂಬ ಬಿಸ್ಕತ್ತು ತುಂಬಿಕೊಂಡಿತ್ತು. ಉತ್ತರ ಕೊಡುವುದು ಹೇಗೆ?

ತಾಯಿ ಅದನ್ನು ಬಾಚಿ ತಬ್ಬಿಕೊಂಡು ಅತ್ತಳು. ಆಮೇಲೆ ನನ್ನ ಕಡೆ ತಿರುಗಿ, "ಇದೇನು ಅಂಗಡೀನಾ? ನನ್ ಮಗೂಗೆ ಏನಾದ್ರೂ ಆಗಿದ್ರೆ?" ಎಂದಳು. ಮಾವ ನಡುವೆ ಬಂದು ನಿಂತರು.

"ಅವಳ್ನ ಬಯ್ಯಬ್ಯಾಡಮ್ಮ. ಅವಳದ್ದೇನೂ ತಪ್ಪಿಲ್ಲ. ಮೂಟೆ ಪೇರಿಸಿದ್ದು ನಾನು, ತಪ್ಪು ನಂದು."

ಅವಳು ಕಣ್ಣೊರೆಸಿಕೊಂಡು ಮಗುವನ್ನೆತ್ತಿಕೊಂಡು ಹೋದಳು. ಮಾವ ಅವತ್ತು ಅಂಗಡಿಯನ್ನು ಬೇಗ ಮುಚ್ಚಿದರು. ಪಕ್ಕದ ಹೋಟೆಲಿನಿಂದ ಟೀ ತರಿಸಿ ನನಗೊಂದು ಲೋಟ ಕೊಟ್ಟು, ತಾವೂ ಒಂದು ಹಿಡಿದು ಮೂಟೆಯ ಮೇಲೆ ಕುಳಿತರು. ಲೋಟ ತುಟಿಗೆ ಮುಟ್ಟುವ ಮೊದಲೇ ಅರ್ಧ ಟೀ ಅವರ ಮಣಿಕಟ್ಟಿನ ಮೇಲೆ ಚೆಲ್ಲಿತು.

"ನೀನು ನಾಳೆ ಬತ್ತೀಯೇನವ್ವಾ?" ಎಂದರು, ನೆಲ ನೋಡುತ್ತಾ.

ನಾನು ಅವರ ಕೈಯಿಂದ ಲೋಟ ತೆಗೆದು ಪಕ್ಕಕ್ಕಿಟ್ಟೆ. ದುಪಟ್ಟಾದಿಂದ ಅವರ ಕೈ ಒರೆಸಿದೆ.

"ಬತ್ತೀನಿ ಮಾವ."