ನನ್ನ ಹೂಂ, ಅಕ್ಕನ ಕಿವಿ

ಕನ್ನಡದಲ್ಲಿ ‘ಹೂಂ’ ಎಂಬುದೊಂದು ಇಲ್ಲದೇ ಹೋಗಿದ್ದರೆ ನನ್ನ ಕಿವಿ ಕೈಕೊಟ್ಟಿದೆ ಎನ್ನುವುದು ಎಂದೋ ಊರಿಗೆಲ್ಲ ಗೊತ್ತಾಗಿಬಿಡುತ್ತಿತ್ತು. ಎದುರಿನವರು ಉಸಿರು ತೆಗೆದುಕೊಳ್ಳಲು ನಿಂತಾಗ ಒಂದು ಹೂಂ ಅಂದರಾಯಿತು. ಅವರ ದನಿ ಏರಿದರೆ ನಮ್ಮ ಹೂಂ ಕೂಡ ಏರಬೇಕು. ಇಳಿದರೆ, ಯಾರಿಗೋ ಮೈಯಲ್ಲಿ ಹುಷಾರಿಲ್ಲವೆಂದು ಊಹಿಸಿ, ಸ್ವಲ್ಪ ಎಳೆದು ಅನ್ನಬೇಕು. ಈ ಒಂದೇ ವಿದ್ಯೆಯ ಬಲದಿಂದ ನಾನು ಅಮೆರಿಕದ ಹರ್ನ್‌ಡನ್ನಿನಲ್ಲಿ ಕೆಲವು ವರ್ಷ ಮರ್ಯಾದೆಯಿಂದಲೇ ಬದುಕಿದೆ. ನಷ್ಟ ಆಗಿಲ್ಲವೆಂದಲ್ಲ. ಯುಗಾದಿಯ ಊಟದ ಗದ್ದಲದಲ್ಲಿ ನಮ್ಮ ಕನ್ನಡ ಕೂಟದ ಅಧ್ಯಕ್ಷರು ಬಂದು ಏನೋ ಕೇಳಿದರು, ನಾನು ಹೋಳಿಗೆ ಅಗಿಯುತ್ತ ಹೂಂ ಅಂದೆ. ರಾಜ್ಯೋತ್ಸವದ ನಾಟಕದಲ್ಲಿ ನಾನೇ ಮಹಿಷಾಸುರ ಎನ್ನುವುದು ತಿಳಿದದ್ದು ರಿಹರ್ಸಲ್ಲಿಗೆ ಕರೆ ಬಂದಾಗ. ನನ್ನ ಜೊತೆ ಮಾತಾಡುವುದೆಂದರೆ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎಂದು ಹೆಂಡತಿ ವಿಜಯಾ ಮೊದಲಿನಿಂದಲೂ ಹೇಳುತ್ತಿದ್ದಳು. ಕೂಟದವರು ಕೊಂಬು ಕಟ್ಟಿ ಅದನ್ನು ಖಾಯಂ ಮಾಡಿದರು.

ಇಷ್ಟಾದರೂ ನಾನು ಕಿವಿಗೆ ಯಂತ್ರ ಹಾಕಿಸಿಕೊಳ್ಳಲು ಒಪ್ಪಿರಲಿಲ್ಲ. ಒಪ್ಪಿದ್ದು ಅಕ್ಕನಿಂದಾಗಿ. ಅಕ್ಕ ಎಂದರೆ ಹುಬ್ಬಳ್ಳಿಯಲ್ಲಿರುವ ನನ್ನ ದೊಡ್ಡಕ್ಕ, ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ನನ್ನನ್ನು ಎತ್ತಿ ಆಡಿಸಿದವಳು, ಬೇಕಾದಾಗ ಕಿವಿಯನ್ನೂ ಹಿಂಡಿದವಳು. ಭಾನುವಾರ ನಮ್ಮ ಬೆಳಗಿಗೆ, ಅಂದರೆ ಅವಳ ಸಂಜೆಗೆ, ಫೋನ್ ಮಾಡಿದಳೆಂದರೆ ಮೊದಲೆಲ್ಲ ನನ್ನ ಎರಡನೇ ಚಹಾ ಆರಿಹೋಗುವವರೆಗೂ ಬಿಡುತ್ತಿರಲಿಲ್ಲ. ಬರುಬರುತ್ತ ಆ ಮಾತು ಮೊಟಕಾಯಿತು. ಎರಡು ಮಾತು ಆಡಿ, ವಿಜಯಾಗೆ ಕೊಡು ಅನ್ನತೊಡಗಿದಳು. ಮಗಳು ನಿಧಿಯ ಗ್ರ್ಯಾಜುಯೇಷನ್ನಿಗೆ ಬಾ ಎಂದು ಕರೆದರೆ, ಕಾರಣವನ್ನೇ ಹೇಳದೆ ಬರುವುದಿಲ್ಲ ಎಂದುಬಿಟ್ಟಳು. ಅಥವಾ ಹೇಳಿದ್ದಳೋ ಏನೋ, ನಾನು ಹೂಂ ಅಂದಿರಬೇಕು. ನನಗೆ ತುಂಬ ಬೇಜಾರಾಯಿತು. ಅಕ್ಕ ನನ್ನಿಂದ ದೂರವಾಗುತ್ತಿದ್ದಾಳೆ, ಅವಳ ಮಾತು ನೆಟ್ಟಗೆ ಕೇಳಿಸಿದರೆ ಹೇಗಾದರೂ ಒಪ್ಪಿಸಬಹುದು ಎನ್ನಿಸಿ, ನಾನೇ ಹೋಗಿ ಕಿವಿ ಪರೀಕ್ಷೆ ಮಾಡಿಸಿಕೊಂಡೆ.

ಹುರಿಗಡಲೆಯಷ್ಟು ಪುಟ್ಟ ಎರಡು ಯಂತ್ರಗಳು ಬಂದವು. ಅವನ್ನು ವೈರಿಲ್ಲದೆ ಫೋನಿಗೆ ಜೋಡಿಸಿದರೆ ಮಾತು ಸೀದಾ ಕಿವಿಯೊಳಕ್ಕೇ ಬರುತ್ತದಂತೆ. ಮೂವತ್ತು ವರ್ಷ ಕಂಪ್ಯೂಟರಿನ ಅನ್ನ ತಿಂದವನು, ಇದೇನು ಮಹಾ ಎಂದು ಕೂತೆ. ಫೋನಿನ ಪರದೆಯ ಮೇಲೆ ಪಕ್ಕದ ಮನೆಯವರ ಟೀವಿ ಸಿಕ್ಕಿತು, ಯಾರದೋ ಹಲ್ಲುಜ್ಜುವ ಬ್ರಷ್ಷೂ ಸಿಕ್ಕಿತು, ನನ್ನ ಕಿವಿಗಳು ಮಾತ್ರ ಸಿಗಲಿಲ್ಲ. ಕೊನೆಗೆ ನಿಧಿ ಬಂದು, “ಅಪ್ಪಾ, ಪ್ಲೀಸ್ ಏನೂ ಟಚ್ ಮಾಡಬೇಡ,” ಎಂದು ಫೋನ್ ಕಿತ್ತುಕೊಂಡು ಕ್ಷಣದಲ್ಲಿ ಜೋಡಿಸಿದಳು. ಫೋನನ್ನು ಬೇರೆಯವರ ಕೈಗೆ ಕೊಡುವಾಗ ಎಲ್ಲಿ ಒತ್ತಬೇಕು ಎನ್ನುವುದನ್ನೂ ಹೇಳಿಕೊಟ್ಟಳು. ನಾನು ಹೂಂ ಅಂದೆ.

ಮರುದಿನ ದೇವಸ್ಥಾನಕ್ಕೆ ಹೋದೆವು. ದಾರಿ ತೋರಿಸುವ ಆಪನ್ನು ಬಂದ್ ಮಾಡಲು ಮರೆತಿದ್ದೆ. ಪ್ರದಕ್ಷಿಣೆ ಹಾಕುತ್ತಿದ್ದೇನೆ, ತಲೆಯ ನಟ್ಟನಡುವಿನಿಂದ ಒಬ್ಬ ಹೆಂಗಸು ಯು ಟರ್ನ್ ತೆಗೆದುಕೊಳ್ಳಲು ಅಪ್ಪಣೆ ಮಾಡಿದಳು. ಜನ್ಮದಲ್ಲಿ ಅಷ್ಟು ಸ್ಪಷ್ಟವಾಗಿ ನನಗೆ ಯಾರೂ ಏನನ್ನೂ ಹೇಳಿರಲಿಲ್ಲ. ತಿರುಗಿಯೇಬಿಟ್ಟೆ. ಹಿಂದೆ ಬರುತ್ತಿದ್ದ ಭಕ್ತರೆಲ್ಲ ಗೋಡೆಗೆ ಸರಿದು ದಾರಿ ಬಿಟ್ಟರು, ವಿಜಯಾ ನನ್ನ ಗುರುತೇ ಇಲ್ಲದವಳಂತೆ ಮುಂದೆ ನಡೆದಳು.

ಭಾನುವಾರ ಬಂತು, ಅಕ್ಕನ ಫೋನೂ ಬಂತು. ಏನೆಂದು ಹೇಳಲಿ! ಅಕ್ಕ ನನ್ನ ಎರಡು ಕಿವಿಗಳ ನಡುವೆ ಬಂದು ಕೂತಹಾಗಾಯಿತು. ಅವಳ ಬಳೆ ಸದ್ದು, ಹಿಂದುಗಡೆ ಕುಕ್ಕರಿನ ಸೀಟಿ, ಮಾತಿನ ಮಧ್ಯೆ ಅಡಿಕೆ ಕಡಿಯುವ ಸದ್ದು ಎಲ್ಲವೂ ಕೇಳಿತು. ಕೇಳುತ್ತ ಮೈಮರೆತೆ. ಎಷ್ಟು ಮರೆತೆನೆಂದರೆ, ಅವಳು ಏನೇ ಕೇಳಿದರೂ ಬಾಯಿಂದ ಹೂಂ ಬಿಟ್ಟು ಮತ್ತೊಂದು ಹೊರಡಲಿಲ್ಲ. ಅಕ್ಕ ಎಂದಿನಂತೆ ವಿಜಯಾಗೆ ಕೊಡು ಅಂದಳು.

ನಮ್ಮಲ್ಲಿ ಊರಿನ ಫೋನೆಂದರೆ ಪ್ರಸಾದವಿದ್ದಂತೆ, ಕೈಯಿಂದ ಕೈಗೆ ಹೋಗಲೇಬೇಕು. ವಿಜಯಾ ಚಪಾತಿ ಹಿಟ್ಟು ನಾದುತ್ತಿದ್ದಳು. ಫೋನನ್ನು ಅವಳ ಕಿವಿ ಮತ್ತು ಭುಜದ ನಡುವೆ ಸಿಕ್ಕಿಸಿ ನಾನು ಮೆಟ್ಟಿಲು ಹತ್ತತೊಡಗಿದೆ. ಒತ್ತಬೇಕಾದಲ್ಲಿ ಒತ್ತಿರಲಿಲ್ಲ. ಅಕ್ಕನ ದನಿ ನನ್ನ ಜೊತೆಗೇ ಮೆಟ್ಟಿಲು ಹತ್ತಿತು. ಕೆಳಗೆ ವಿಜಯಾಗೆ ಏನೂ ಕೇಳಿಸುತ್ತಿಲ್ಲ. ಕೈ ತುಂಬ ಹಿಟ್ಟು, ಲೈನ್ ಸರಿಯಿಲ್ಲವೆಂದುಕೊಂಡು ಅವಳೂ “ಹೂಂ ಅಕ್ಕಾ, ಹೂಂ,” ಅನ್ನುತ್ತಿದ್ದಾಳೆ. ಈ ವಿದ್ಯೆ ನನ್ನೊಬ್ಬನದೇ ಅಲ್ಲವೆಂದು ಆಗ ಗೊತ್ತಾಯಿತು. ತಿರುಗಿ ಬಂದು ಸರಿಮಾಡೋಣ ಎನ್ನುವಷ್ಟರಲ್ಲಿ ಅಕ್ಕ ದನಿ ತಗ್ಗಿಸಿದಳು.

“ವಿಜಯಾ, ನಿನಗೊಬ್ಬಾಕಿಗೆ ಹೇಳ್ತೀನಿ, ನಮ್ಮ ಪಾಂಡುಗ ಹೇಳಬ್ಯಾಡ. ನನ್ನ ಕಿವಿ ಹೋಗ್ಯಾವ. ಪಾಪ, ಅಂವ ಅಷ್ಟು ದೂರದಿಂದ ಏನೇನೋ ಮಾತಾಡ್ತಿರ್ತಾನ, ನನಗ ಬರೇ ಹೂಂ ಅನ್ನೂದಷ್ಟ ಕೇಳಸ್ತದ. ಇವತ್ತೂ ಹಂಗ ಆತು. ಡಾಕ್ಟರು ಕಿವಿ ಚಲೋ ಅದಾವ ಅಂತಾರ, ಅವರಿಗೇನ ಗೊತ್ತಾಗ್ತದ? ಕಿವುಡಿ ಆಗಿ ಅಲ್ಲಿಗೆ ಬಂದು, ನಿಮ್ಮೆಲ್ಲಾರ ನಡುವ ಬಾಯಿ ಬಾಯಿ ನೋಡಕೋತ ಕೂಡೂದು ಬ್ಯಾಡ. ಅದಕ್ಕ ಬರೂದಿಲ್ಲ ಅಂದೆ.”

“ಹೂಂ ಅಕ್ಕಾ,” ಅಂದಳು ವಿಜಯಾ.

ನಾನು ಮೆಟ್ಟಿಲ ಮೇಲೆಯೇ ಕೂತುಬಿಟ್ಟೆ. ನಾನು ಆಡಿದ್ದೇ ಹೂಂ, ಅವಳಿಗೆ ಕೇಳಿಸಿದ್ದೂ ಹೂಂ. ಅದಕ್ಕಿಂತ ಸರಿಯಾಗಿ ಕೇಳುವ ಕಿವಿ ಇನ್ನೆಲ್ಲಿದೆ? ತಮ್ಮ ಮಾತಾಡುತ್ತಿಲ್ಲ ಎಂದು ಅವಳಿಗೆ ಒಮ್ಮೆಯೂ ಅನ್ನಿಸಿರಲಿಲ್ಲ. ತನ್ನ ಕಿವಿ ಹೋಗಿದೆ ಎಂದೇ ತಿಳಿದಿದ್ದಳು. ನಾಚಿಕೆಯೋ ಪ್ರೀತಿಯೋ, ಎರಡೂ ಒಟ್ಟಿಗೆ ಬಂದವು. ಓಡಿಬಂದು ಫೋನಿನ ಹತ್ತಿರ ಬಾಯಿಟ್ಟು, “ಅಕ್ಕಾ, ನಿನ್ನ ಕಿವಿಗೆ ಏನೂ ಆಗಿಲ್ಲ. ಕಿವುಡ ನಾನು. ಕೇಳಸಲಾರದಕ್ಕ ಇಷ್ಟು ವರ್ಷ ಬರೇ ಹೂಂ ಅಂದೀನಿ,” ಎಂದು ಕೂಗಿದೆ. ವಿಜಯಾ ಬೆಚ್ಚಿ ಹಿಟ್ಟಿನ ಕೈಯಿಂದಲೇ ಫೋನ್ ಹಿಡಿದುಕೊಂಡಳು. ಆ ಹಿಟ್ಟು ಈಗಲೂ ಅದರ ಮೂಲೆಯಲ್ಲಿದೆ.

ಅತ್ತಲಿಂದ ಅಕ್ಕ ಮೂಗು ಒರೆಸಿಕೊಂಡ ಸದ್ದು ಬಂತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ, ಇಷ್ಟು ಒಳ್ಳೆಯ ಯಂತ್ರಕ್ಕೂ ತಿಳಿಯಲಿಲ್ಲ. ಆಮೇಲೆ, ಹೂಂ ಅಂದು ನಾನು ಏನೇನಕ್ಕೆ ಒಪ್ಪಿದ್ದೆನೆಂದು ಒಂದೊಂದಾಗಿ ತೆಗೆದಳು. ಅವಳ ಗೆಳತಿಯ ಮಗನಿಗೆ ನಮ್ಮ ಮನೆಯಲ್ಲಿ ತಂಗಲು ಜಾಗ ಕೊಡುವುದು ಅದರಲ್ಲಿ ತೀರ ಚಿಕ್ಕದು. ಗ್ರ್ಯಾಜುಯೇಷನ್ನಿಗೆ ಬರಲು ಒಪ್ಪಿದಳು, ಆದರೆ ಟೀಚರಮ್ಮನ ಬುದ್ಧಿ ಎಲ್ಲಿ ಹೋಗುತ್ತದೆ? ಈಗ ಪ್ರತಿ ಭಾನುವಾರ ಎಲ್ಲ ಹೇಳಿ ಮುಗಿಸಿ, ತಾನು ಏನು ಹೇಳಿದೆನೆಂದು ನನ್ನನ್ನೇ ಪ್ರಶ್ನೆ ಕೇಳುತ್ತಾಳೆ. ಹೋದ ವಾರ ಅವಳ ಟಿಕೆಟ್ ತೆಗೆಸಿದ ಸುದ್ದಿ ಹೇಳುತ್ತಿದ್ದೆ. ತಾನು ಬರುವುದು ಖುಷಿಯೇನೋ ಎಂದು ಕೇಳಿದಳು. ನಾನು ಹೂಂ ಅಂದೆ.

“ಹೂಂ ಅನಬ್ಯಾಡ,” ಅಂದಳು ಅಕ್ಕ ಎರಡೂ ಕಿವಿಯಲ್ಲಿ. “ಪೂರ್ತಿ ವಾಕ್ಯದಾಗ ಹೇಳು.”